ಒಬ್ಬರೇ ಬನ್ನಿ, ಟ್ರ್ಯಾಕ್ ಹಾಕ್ಕೊಳ್ಳಿ

ಹೋದ ವರ್ಷ ನಮ್ಮ ಬ್ಯಾಂಡನ್ನು ಕೇಳಿಕೊಂಡು ಬಂದ ಫೋನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಮಾತಿಗೆ ಬಂದು ನಿಂತವು. "ಗಿಟಾರ್ ಬಾರಿಸೋರು ಒಬ್ಬರೇ ಬಂದ್ರೆ ಸಾಕು, ಉಳಿದದ್ದಕ್ಕೆ ಟ್ರ್ಯಾಕ್ ಹಾಕ್ಕೊಳ್ಳಿ." ಹೀಗಂದವರಲ್ಲಿ ಮದುವೆ ಕಾಂಟ್ರ್ಯಾಕ್ಟಿನವರಿದ್ದರು, ಗೋವಾ ಕಡೆಯ ರೆಸಾರ್ಟಿನವರಿದ್ದರು, ನಮ್ಮಂಥದೇ ಸಾಫ್ಟ್‌ವೇರ್ ಕಂಪನಿಗಳ ಎಚ್‌ಆರ್‌ನವರಿದ್ದರು. ಯಾರೂ ಕೆಟ್ಟವರಲ್ಲ. ಮಾತಿಗೆ ಮೊದಲು ಒಂದು ಹೊಗಳಿಕೆಯನ್ನೂ ಸೇರಿಸುತ್ತಿದ್ದರು: "ನಿಮ್ಮ ಗಿಟಾರಿಸ್ಟ್ ಸೌಂಡ್ ಭಾಳ ಡಿಫರೆಂಟ್ ಐತ್ರಿ, ಅದಕ್ಕ ಅವರೇ ಬೇಕು."

ಸಿಟ್ಟು ಬರೋದು ಬೇಡಿಕೆಗಲ್ಲ, ಈ ಹೊಗಳಿಕೆಗೆ. ದುಡ್ಡು ಉಳಿಸಬೇಕು ಅನ್ನೋದು ಅರ್ಥವಾಗುತ್ತದೆ. ನಾಲ್ಕು ಜನರ ಕೆಲಸ ಒಬ್ಬನ ಪಗಾರದಲ್ಲಿ ಆಗುತ್ತದೆ ಅಂದರೆ ಯಾರಿಗೆ ಬೇಡ? ಆದರೆ 'ಇವನ ದನಿ ಬೇರೆಯದು, ಆದ್ದರಿಂದ ಇವನೊಬ್ಬನೇ ಸಾಕು' ಅನ್ನುವ ಲೆಕ್ಕವಿದೆಯಲ್ಲ, ಅದು ಬುಡದಲ್ಲೇ ತಪ್ಪು. ಸ್ವಂತ ದನಿ ಅನ್ನೋದು ಬಾರಿಸುವವನ ಬೆರಳ ತುದಿಯಲ್ಲಿರುತ್ತದೆ, ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಜನ ತಿಳಿದಿದ್ದಾರೆ. ಜಾಝ್ ವಿಷಯದಲ್ಲಿ ಇದು ಮುಕ್ಕಾಲು ಸುಳ್ಳು. ಉಳಿದ ಕಾಲು ಭಾಗಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾನು ಖಾನಾಪುರ ತಾಲೂಕಿನ ಹಳ್ಳಿಯವನು. ಬೆಳಗಾವಿಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಹೋದೆ, 2020ರಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ವಾಪಸ್ ಬಂದೆ. ವಾರಕ್ಕೆ ಐದು ದಿನ ಟಿಳಕವಾಡಿಯ ಬಾಡಿಗೆ ಮನೆಯಲ್ಲಿ ಕೋಡ್ ಬರೆಯುತ್ತೇನೆ, ಶನಿವಾರ ಬೇಸ್ ಗಿಟಾರ್ ಬಾರಿಸುತ್ತೇನೆ. ಡ್ರಮ್ಸಿನವನು ಕ್ಯಾಂಪಿನ ಹುಡುಗ, ಚರ್ಚ್ ಕಾಯರ್‌ನಲ್ಲಿ ಬೆಳೆದವನು. ಕ್ಲಾರಿನೆಟ್ ಬಾರಿಸುವ ಕಾಕಾ ಮದುವೆ ಬ್ಯಾಂಡ್ ಕಂಪನಿಯವರು, ಅವರ ಅಪ್ಪನದೂ ಅದೇ ಕಸುಬು. ಗಿಟಾರಿನವನು ಖಾನಾಪುರದವನು, ಸಂಜೆ ಹೈಸ್ಕೂಲ್ ಹುಡುಗರಿಗೆ ಗಣಿತದ ಟ್ಯೂಶನ್ ಹೇಳುತ್ತಾನೆ. ನಾಲ್ವರ ಮನೆಮಾತು ಕೂಡಿಸಿದರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು. ಜಗಳ ಯಾವ ಭಾಷೆಯಲ್ಲಿ ಆಡಬೇಕು ಅನ್ನೋದೇ ನಮಗೆ ದೊಡ್ಡ ಪ್ರಶ್ನೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ತಾಲೀಮು ಖಾನಾಪುರದಲ್ಲಿ, ಗಿಟಾರಿನವನ ಮಾವನ ಹಂಚಿನ ಶೆಡ್ಡಿನಲ್ಲಿ. ಖಾನಾಪುರದ ಮಳೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಗಾವಿಯಿಂದ 26 ಕಿಲೋಮೀಟರ್ ಅಷ್ಟೇ, ಆದರೆ ಜೂನ್ ಬಂತೆಂದರೆ ಬೇರೆಯೇ ಸೀಮೆ. ಪಶ್ಚಿಮಕ್ಕೆ ಜಾಂಬೋಟಿ, ಅದರಾಚೆ ಮಲಪ್ರಭೆ ಹುಟ್ಟುವ ಕಣಕುಂಬಿ. ಘಟ್ಟ ಹತ್ತಿ ಬಂದ ಮೋಡ ನಮ್ಮ ಹಂಚಿನ ಮೇಲೆ ಇಳಿದರೆ ಪಕ್ಕದಲ್ಲಿ ಕೂತವನ ಮಾತೂ ಕೇಳಿಸುವುದಿಲ್ಲ. ಮೊದಲ ಮಳೆಗಾಲದಲ್ಲಿ ಗಿಟಾರಿನ ಸಣ್ಣ ತಂತಿಗಳ ಸದ್ದು ಮಳೆಯಲ್ಲಿ ಕರಗಿಹೋಗುತ್ತಿತ್ತು. ಅವನು ಆ್ಯಂಪ್ ಏರಿಸಿದ. ಕರೆಂಟ್ ಹೋಯಿತು. ಕರೆಂಟ್ ಬಂತು, ಮತ್ತೆ ಏರಿಸಿದ, ಮತ್ತೆ ಹೋಯಿತು. ಕಾಕಾನ ಕ್ಲಾರಿನೆಟ್ಟಿಗೆ ಮಾತ್ರ ಏನೂ ತೊಂದರೆಯಿಲ್ಲ. ನಡುರಸ್ತೆಯಲ್ಲಿ, ಎರಡು ಢೋಲು, ಒಂದು ಜನರೇಟರ್, ಐವತ್ತು ಜನ ಕುಣಿಯುವವರ ನಡುವೆ ಮೂವತ್ತು ವರ್ಷ ಬಾರಿಸಿದ ಮನುಷ್ಯ. ಮಳೆಯೇನು ಮಹಾ.

ಹಾಗಾಗಿ ಮೇಲಿನ ಸ್ಥಾಯಿ ತಾನಾಗಿ ಕಾಕಾನದಾಯಿತು. ಗಿಟಾರಿನವನು ದಪ್ಪ ತಂತಿಗಳಿಗೆ ಇಳಿದ. ಅಲ್ಲಿ ನಾನಿದ್ದೆ. ಒಂದೇ ಗೂಟಕ್ಕೆ ಎರಡು ಎತ್ತು ಕಟ್ಟಿದ ಹಾಗಾಯ್ತು. ಎರಡು ತಿಂಗಳು ಇಬ್ಬರೂ ಹಾಯ್ದಾಡಿದ ಮೇಲೆ ನಾನು ಸ್ವರಗಳನ್ನು ಅರ್ಧಕ್ಕೆ ಇಳಿಸಿದೆ. ಅವನು ಬಾರಿಸುವಾಗ ಉದ್ದ ಸ್ವರ, ಅವನು ನಿಂತಾಗ ಮಾತ್ರ ನಡಿಗೆ. ಡ್ರಮ್ಸಿನವನಿಗೆ ಬೇರೆ ಸಮಸ್ಯೆ. ಜಾಝ್‌ನಲ್ಲಿ ಲಯ ಸಾಮಾನ್ಯವಾಗಿ ದೊಡ್ಡ ಸಿಂಬಲ್ ಮೇಲೆ ನಡೆಯುತ್ತದೆ, ಆದರೆ ಸಿಂಬಲ್ ಸದ್ದೂ ಮಳೆ ಸದ್ದೂ ಒಂದೇ ಜಾತಿ. ಅವನು ಅದನ್ನು ಬಿಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ಟಾಮ್‌ಗಳ ಮೇಲೆ ಲಯ ಹಿಡಿದ. ಇನ್ನು ಕಾಕಾ. ಮೆರವಣಿಗೆಯಲ್ಲಿ ನಡೆಯುತ್ತ ಬಾರಿಸಿದ ಅಭ್ಯಾಸ, ನಾಲ್ಕು ಹೆಜ್ಜೆಗೆ ಒಮ್ಮೆ ಉಸಿರು ತಗೊಳ್ಳುತ್ತಾರೆ, ಅದೂ ತಾಳದ ಲೆಕ್ಕಕ್ಕೆ ಒಂದು ಚೂರು ತಡವಾಗಿ. ಆ ಖಾಲಿ ಜಾಗದಲ್ಲಿ ಗಿಟಾರಿನವನು ಎರಡು ಕಾರ್ಡ್ ಇಡುತ್ತಾನೆ, ಕುಂಟುತ್ತ ಬಂದ ಹಾಗೆ. ಮೂರು ಮಳೆಗಾಲ ಹೀಗೆ ಕಳೆದವು. ಜನ 'ಡಿಫರೆಂಟ್' ಅನ್ನೋದು ಆ ದಪ್ಪ ತಂತಿಯ ಮಾತಿಗೆ ಮತ್ತು ಆ ಕುಂಟು ಕಾರ್ಡಿಗೆ. ಒಂದು ಮಳೆಯಿಂದ ಬಂತು, ಇನ್ನೊಂದು ಕಾಕಾನ ಶ್ವಾಸಕೋಶದಿಂದ.

ಒಮ್ಮೆ ಅವನು ದುಡ್ಡಿನ ತುರ್ತಿಗೆ ಒಬ್ಬನೇ ಹೋದ, ಟ್ರ್ಯಾಕ್ ಹಾಕಿಕೊಂಡು. ಕೇಳೋದಕ್ಕೆ ನಾನೂ ಹೋಗಿದ್ದೆ. ಬೆರಳು ಅವೇ, ಗಿಟಾರ್ ಅದೇ, ಆ್ಯಂಪ್ ನಮ್ಮದಕ್ಕಿಂತ ಹತ್ತು ಪಟ್ಟು ಒಳ್ಳೆಯದು. ಅಭ್ಯಾಸಬಲದಿಂದ ಕ್ಲಾರಿನೆಟ್ಟಿಗೆ ಅಂತ ಜಾಗ ಬಿಡುತ್ತಿದ್ದ, ಅಲ್ಲಿ ಏನೂ ಬರುತ್ತಿರಲಿಲ್ಲ, ಟ್ರ್ಯಾಕ್ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಐದಾರು ಸಲ ಹಾಗಾದ ಮೇಲೆ ಜಾಗ ಬಿಡೋದನ್ನೇ ನಿಲ್ಲಿಸಿ ಸ್ವರ ತುಂಬತೊಡಗಿದ. ಜನ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಚೋರ್ಲಾ ಘಾಟಿನಲ್ಲಿ ಗಾಡಿ ನಿಲ್ಲಿಸಿ ಅಂದ: "ಲೇ, ನಾ ಮಾತಾಡಾಕತ್ತಿದ್ದೆ, ಆ ಕಡಿಯವರು ಫೋನ್ ಇಟ್ಟುಬಿಟ್ಟಿದ್ರು."

ಹಳ್ಳಿಯ ಭಜನೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರಾವಣದ ರಾತ್ರಿ ಗುಡಿಯಲ್ಲಿ ಭಜನೆ ಕೂತರೆ ಒಬ್ಬರು ಮುಂದೆ ಹಾಡುತ್ತಾರೆ, ಪೇಟಿ ಮಾಸ್ತರ ಬೆನ್ನು ಹಿಡಿದು ಹೋಗುತ್ತಾರೆ, ಪಖವಾಜದವನ ಕಣ್ಣು ಮಾತ್ರ ಹಾಡುವವರ ಎದೆಯ ಮೇಲೆ. ಎದೆಯೇ ಯಾಕೆ? ಉಸಿರು ಎಲ್ಲಿ ಮುಗಿಯುತ್ತದೆ ಅಂತ ನೋಡೋದಕ್ಕೆ. ನಮ್ಮೂರಲ್ಲಿ ಹಾಡುವ ಅಜ್ಜನಿಗೆ ಎಪ್ಪತ್ತು ದಾಟಿ ಉಸಿರು ಮೊಟಕಾದಾಗ, ಪಖವಾಜದವನು ಯಾರಿಗೂ ಹೇಳದೆ ತನ್ನ ತುಕಡಿಗಳನ್ನು ಆ ಹೊಸ ಜಾಗಗಳಿಗೆ ಸರಿಸಿದ. ಊರವರು ಏನಂದರು ಗೊತ್ತಾ? "ಅಜ್ಜನ ಹಾಡಿಕಿಗೆ ಈಗ ಇನ್ನೂ ತೂಕ ಬಂದೈತಿ." ಅಜ್ಜನ ಹಾಡಿಕೆ ಅಂತೆ! ಪಖವಾಜದವನು ನಕ್ಕು ಎಲೆ ಅಡಿಕೆ ಹಾಕಿಕೊಂಡ.

ಜಾಝ್ ನಡೆಯೋದೂ ಹೀಗೇ. ಮೊದಲು ಎಲ್ಲರೂ ಸೇರಿ ಒಂದು ಧಾಟಿ ಬಾರಿಸುತ್ತಾರೆ, ಹೆಚ್ಚಾಗಿ 12 ಅಥವಾ 32 ಬಾರ್‌ಗಳದ್ದು. ಆ ಧಾಟಿಯ ಕೆಳಗಿರುವ ಕಾರ್ಡ್‌ಗಳು ಆಮೇಲೆ ಅದೇ ಕ್ರಮದಲ್ಲಿ ಸುತ್ತಿ ಸುತ್ತಿ ಬರುತ್ತವೆ, ನಮ್ಮ ತಾಳದ ಆವರ್ತನದಂತೆ. ಅದರ ಮೇಲೆ ಒಬ್ಬೊಬ್ಬರೂ ಆ ಹೊತ್ತಿಗೆ ಹೊಳೆದದ್ದನ್ನು ಬಾರಿಸುತ್ತಾರೆ. ಅದಕ್ಕೆ ಸೋಲೋ ಅಂತ ಹೆಸರಿಟ್ಟವರು ಯಾರೋ, ಮೋಸದ ಹೆಸರು. ಅವನು ಒಂದು ಸ್ವರವನ್ನು ತಡಮಾಡಿದರೆ ಡ್ರಮ್ಸಿನವನು ಏಟು ತಡೆದು ಕಾಯುತ್ತಾನೆ. ಬೇಸ್ ಮೇಲಕ್ಕೇರಿದರೆ ಅವನು ಕೆಳಗಿಳಿಯುತ್ತಾನೆ. ಗುಂಪಿನಲ್ಲಿ ಪಿಯಾನೋ ಇದ್ದರೆ ಗಿಟಾರಿನವನು ಕಾರ್ಡ್‌ಗಳನ್ನು ಅದಕ್ಕೆ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಮಾತೂ ಅವನದೇ ಹೂಂಗುಟ್ಟುವುದೂ ಅವನದೇ. ಯಾರ ಜೊತೆ ಕೂತಿದ್ದಾನೆ ಅನ್ನುವುದರ ಮೇಲೆ ಅವನು ಏನು ಬಾರಿಸದೆ ಬಿಡುತ್ತಾನೆ ಅನ್ನೋದು ನಿಂತಿದೆ. ಮತ್ತು ಈ ಬಿಡುವುದರಲ್ಲೇ ಅವನ ಗುರುತು ಸಿಗುತ್ತದೆ.

ಎಂಜಿನಿಯರ್ ಭಾಷೆಯಲ್ಲಿ ಹೇಳುವುದಾದರೆ, ಟ್ರ್ಯಾಕ್ ಅಂದರೆ ಇನ್‌ಪುಟ್ ತಗೊಳ್ಳದ ಫಂಕ್ಷನ್. ನೀವು ಅತ್ತರೂ ನಕ್ಕರೂ ಔಟ್‌ಪುಟ್ ಅದೇ. ತಾಲೀಮಿಗೆ ಬಹಳ ಒಳ್ಳೆಯ ಸಾಮಾನು, ನಾನೂ ದಿನಾ ರಾತ್ರಿ ಫೋನಿನಲ್ಲಿ ಅದನ್ನು ಹಾಕಿಕೊಂಡು ಸ್ಕೇಲ್ ತಿಕ್ಕುತ್ತೇನೆ. ವೇದಿಕೆಗೆ ತಂದರೆ ಮಾತ್ರ ಅದು ನೆಟ್‌ನಲ್ಲಿರುವ ಬೌಲಿಂಗ್ ಮಷೀನನ್ನು ಮ್ಯಾಚಿಗೆ ಇಳಿಸಿದ ಹಾಗೆ.

ಈಗ ನೀವು ಕೇಳಬಹುದು, ದೊಡ್ಡ ಗಿಟಾರಿಸ್ಟ್‌ಗಳೆಲ್ಲ ಒಬ್ಬೊಬ್ಬರ ಹೆಸರಿನಿಂದಲೇ ಗೊತ್ತಲ್ಲ? ವೆಸ್ ಮಾಂಟ್ಗೊಮೆರಿಯನ್ನೇ ತಗೊಳ್ಳಿ. ಅಮೆರಿಕದ ಇಂಡಿಯಾನಾಪೊಲಿಸ್ ಊರಿನವನು. ಇಪ್ಪತ್ತರ ಹತ್ತಿರ ಬಂದ ಮೇಲೆ, ಚಾರ್ಲಿ ಕ್ರಿಶ್ಚಿಯನ್‌ನ ರೆಕಾರ್ಡ್ ಕೇಳಿ, ಗಿಟಾರ್ ಹಿಡಿದ. ಕ್ರಿಶ್ಚಿಯನ್‌ನ ಸೋಲೋಗಳನ್ನು ಸ್ವರಕ್ಕೆ ಸ್ವರ ಬಾಯಿಪಾಠ ಮಾಡಿದ, ಮೊದಮೊದಲು ಕ್ಲಬ್ಬಿನಲ್ಲಿ ಬಾರಿಸಿದ್ದೂ ಅವನ್ನೇ. ನೆರೆಯವರಿಗೆ ಕಿರಿಕಿರಿಯಾಗಬಾರದು ಅಂತ ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೀಟತೊಡಗಿದ, ಆ ಮೆತ್ತನೆ ಸದ್ದೇ ಅವನ ಸಹಿಯಾಯಿತು. 1948ರಿಂದ ಎರಡು ವರ್ಷ ಲಯೊನೆಲ್ ಹ್ಯಾಂಪ್ಟನ್‌ನ ದೊಡ್ಡ ಬ್ಯಾಂಡಿನಲ್ಲಿ ತಿರುಗಾಡಿ ಮನೆಗೆ ಮರಳಿದ. ಅಲ್ಲಿಂದ ಮುಂದಿನ ಸುಮಾರು ಹತ್ತು ವರ್ಷ ಹಗಲು ಫ್ಯಾಕ್ಟರಿ, ರಾತ್ರಿ ಅದೇ ಊರಿನ ಕ್ಲಬ್ಬುಗಳು. ಜೊತೆಗೆ ಬಾರಿಸಿದವರು ಅಣ್ಣ ಮಂಕ್, ತಮ್ಮ ಬಡ್ಡಿ, ಊರಿನದೇ ಆರ್ಗನ್ ವಾದಕ ಮೆಲ್ವಿನ್ ರೈನ್, ಡ್ರಮ್ಸಿನ ಪಾಲ್ ಪಾರ್ಕರ್. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವನನ್ನು ಕೇಳಿ ಬೆರಗಾಗಿ ರಿವರ್‌ಸೈಡ್ ಕಂಪನಿಗೆ ಸುದ್ದಿ ಮುಟ್ಟಿಸಿದ. ಆ ಕಂಪನಿಗೆ ವೆಸ್ ಮಾಡಿದ ಮೊದಲ ರೆಕಾರ್ಡಿಗೆ ಜೊತೆಯಾದವರು ರೈನ್ ಮತ್ತು ಪಾರ್ಕರ್, ಅಂದರೆ ಊರಿನವರೇ.

ವೆಸ್‌ನ ಸೋಲೋ ಕಟ್ಟುವ ಕ್ರಮ ಜಾಝ್ ಕೇಳುವವರಿಗೆಲ್ಲ ಗೊತ್ತು. ಮೊದಲು ಒಂಟಿ ಸ್ವರಗಳು, ಆಮೇಲೆ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಜೋಡಿಯಾಗಿ, ಕೊನೆಗೆ ತುಂಬಿದ ಕಾರ್ಡ್‌ಗಳು. ಖಯಾಲ್ ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಇದು ಹೊಸದೇನಲ್ಲ, ನಿಧಾನವಾಗಿ ಬಡ್ಹತ್ ಮಾಡಿಕೊಂಡು ಹೋಗುವ ಕ್ರಮವೇ. ಆದರೆ ಒಂದು ವಿಷಯ ನೋಡಿ. ಈ ಮೂರು ಮೆಟ್ಟಿಲು ಹತ್ತಬೇಕಾದರೆ ಕೆಳಗಿರುವ ಆರ್ಗನ್ನೂ ಡ್ರಮ್ಸೂ ಅವನ ಜೊತೆ ಹತ್ತಬೇಕು. ಅವರು ನೆಲಮಹಡಿಯಲ್ಲೇ ನಿಂತರೆ ಮೇಲಿನವನು ಸುಮ್ಮನೆ ಕಿರುಚಿದ ಹಾಗೆ ಕೇಳುತ್ತದೆ.

ಇಲ್ಲಿ ಒಂದು ತಕರಾರು ಬರುತ್ತದೆ, ನ್ಯಾಯವಾದದ್ದೇ. 1960ರಲ್ಲಿ ವೆಸ್‌ಗೆ ಜಗತ್ತಿನಲ್ಲೆಲ್ಲ ಹೆಸರು ತಂದ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್' ರೆಕಾರ್ಡಿನಲ್ಲಿ ಊರಿನ ಗೆಳೆಯರು ಯಾರೂ ಇಲ್ಲ. ಪಿಯಾನೋ ಟಾಮಿ ಫ್ಲ್ಯಾನಗನ್, ಬೇಸ್ ಪರ್ಸಿ ಹೀತ್, ಡ್ರಮ್ಸ್ ಆಲ್ಬರ್ಟ್ ಹೀತ್. ಆದರೂ ಕೇಳಿದ ಎರಡನೇ ಕ್ಷಣಕ್ಕೆ ಅವನೇ ಅಂತ ಗೊತ್ತಾಗುತ್ತದೆ. ಹೌದು. ನಾನು ಬಿಟ್ಟಿಟ್ಟಿದ್ದ ಕಾಲು ಭಾಗ ಇದೇ. ಹತ್ತು ವರ್ಷ ಜೊತೆಯವರೊಡನೆ ಕಟ್ಟಿಕೊಂಡ ದನಿ ಬುತ್ತಿ ಇದ್ದ ಹಾಗೆ, ಸ್ವಲ್ಪ ದಾರಿ ಬರುತ್ತದೆ. ಆದರೂ ಆ ರೆಕಾರ್ಡಿನಲ್ಲಿ ಎದುರಿಗೆ ಕೂತವರು ಯಾರು? ಫ್ಲ್ಯಾನಗನ್‌ಗಿಂತ ಚೆನ್ನಾಗಿ ಸುಮ್ಮನಿರುವ ಪಿಯಾನಿಸ್ಟ್ ಹುಡುಕೋದು ಕಷ್ಟ. ಹೀತ್‌ಗಳಿಬ್ಬರು ಅಣ್ಣತಮ್ಮಂದಿರು. ಬುತ್ತಿಯನ್ನು ಅವನು ತಿಂದದ್ದು ಒಳ್ಳೆಯ ಪಂಕ್ತಿಯಲ್ಲಿ ಕೂತು. ನಮ್ಮ ರೆಸಾರ್ಟಿನವರು ಬುತ್ತಿ ಕಟ್ಟಿಕೊಂಡು ಬಾ, ಗೋಡೆ ನೋಡಿಕೊಂಡು ತಿನ್ನು ಅಂತಿದ್ದಾರೆ.

ಬೆಳಗಾವಿಯವರಿಗೆ ಇದನ್ನು ಅಮೆರಿಕದಿಂದ ತಂದು ಹೇಳಬೇಕಾ? ಊರ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ ಎಂಬ ಹುಡುಗ ಗ್ರಾಮೊಫೋನ್ ಪ್ಲೇಟಿನಲ್ಲಿ ಕೇಳಿದ್ದನ್ನು ದೊಡ್ಡ ಗಾಯಕರಂತೆಯೇ ಹಾಡಿ ತೋರಿಸುತ್ತಿದ್ದ. ಅವನೇ ಕುಮಾರ ಗಂಧರ್ವ. ಮುಂಬಯಿಯ ದೇವಧರ ಅವರಲ್ಲಿ ಕಲಿತದ್ದು, ಕ್ಷಯ ಬಂದು ದೇವಾಸಕ್ಕೆ ಹೋದದ್ದು, ವರ್ಷಗಟ್ಟಲೆ ಹಾಡಲಾಗದೆ ಮಲಗಿ ಮಾಳವದ ಜನಪದ ಹಾಡು ಕೇಳಿದ್ದು, ಎದ್ದು ಬಂದಾಗ ದನಿಯೇ ಬೇರೆಯಾಗಿದ್ದು, ಇದೆಲ್ಲ ಎಲ್ಲರಿಗೂ ಗೊತ್ತು. ಅಂದರೆ ವೆಸ್ ಆಗಲಿ ಕುಮಾರರಾಗಲಿ ಶುರು ಮಾಡಿದ್ದು ಪಕ್ಕಾ ಕಾಪಿಯಿಂದ. ಆದ್ದರಿಂದ ಪಬ್ಬಿನಲ್ಲಿ ಕವರ್ ಬಾರಿಸುವ ಹುಡುಗರನ್ನು ನಾನು ಬಯ್ಯುವುದಿಲ್ಲ. ಕಾಪಿ ಮಾಡಲಿ, ಗಟ್ಟಿಯಾಗಿ ಮಾಡಲಿ. ಕಾಪಿಯಿಂದ ಆಚೆಗೆ ಹೋಗೋದಕ್ಕೆ ಬೇಕಾದ ವರ್ಷಗಳನ್ನೂ ಜೊತೆಯವರನ್ನೂ ನಾವು ಅವರಿಗೆ ಕೊಡುತ್ತೇವಾ ಅನ್ನೋದು ನನ್ನ ಪ್ರಶ್ನೆ.

ಕುಮಾರರ ಹೆಸರಿನ ಕಲಾಮಂದಿರ ಬೆಳಗಾವಿಯಲ್ಲಿದೆ. ಸಂತೋಷ. ಅವರ ತಬಲಾ ಜೊತೆಗಾರ ವಸಂತರಾವ್ ಆಚರೇಕರ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಬೆಳಗಾವಿಯಲ್ಲೇ ಬದುಕಿ, ಇಲ್ಲೇ ಕಲಿಸಿ, 2010ರಲ್ಲಿ ತೀರಿಕೊಂಡ ಹಾರ್ಮೋನಿಯಂ ವಾದಕ ರಾಮಭಾವು ಬಿಜಾಪುರೆ ಅವರ ಹೆಸರು? ಕುಮಾರ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಇಷ್ಟು ಬೇರೆ ಬೇರೆ ಗಂಟಲುಗಳ ಹಿಂದೆ ಕೂತ ಬೆರಳುಗಳು ಅವು. ಒಬ್ಬೊಬ್ಬರ ಪಕ್ಕದಲ್ಲಿ ಕೂತಾಗಲೂ ಬೇರೆ ಮನುಷ್ಯನಾಗಬೇಕು, ಹಾಡುವವರಿಗಿಂತ ಅರ್ಧ ಹೆಜ್ಜೆ ಹಿಂದಿರಬೇಕು, ಅವರು ಎಲ್ಲಿಗೆ ಹೋಗುತ್ತಾರೆ ಅಂತ ಅರ್ಧ ಹೆಜ್ಜೆ ಮುಂಚೆ ಗೊತ್ತಿರಬೇಕು. ನಮ್ಮ ಕಡೆ ಇದಕ್ಕೆ ಸಾಥ್ ಅಂತಾರೆ. ಆ ಶಬ್ದದ ಅರ್ಥ ಜೊತೆ ಅಂತ. ಎಚ್‌ಆರ್‌ನವರ ಎಕ್ಸೆಲ್ ಶೀಟಿನಲ್ಲಿ ಅದು 'ಎಕ್ಸ್‌ಟ್ರಾ ಮೆಂಬರ್ಸ್' ಅಂತ ಆಗಿದೆ.

ಇದೇ ಪೇಟಿಯ ಕಥೆಯಲ್ಲಿ ಇನ್ನೊಂದು ವಾದಕ್ಕೂ ಉತ್ತರವಿದೆ. "ಗಿಟಾರ್, ಜಾಝ್ ಎಲ್ಲ ನಮ್ಮದಲ್ಲ, ಬೆಳಗಾವ್ಯಾಗ ಯಾಕ ಬೇಕು?" ಅಂತ ಕೇಳುವ ಹಿರಿಯರಿದ್ದಾರೆ. ಪೇಟಿ ಎಲ್ಲಿಂದ ಬಂತ್ರಿ? ಫ್ರಾನ್ಸಿನಿಂದ. ಅದು ಪರದೇಶಿ, ನಮ್ಮ ಶ್ರುತಿಗೆ ಹೊಂದುವುದಿಲ್ಲ ಅಂತ 1940ರಿಂದ ಮೂರು ದಶಕ ಆಕಾಶವಾಣಿಯವರು ಅದನ್ನು ಸ್ಟುಡಿಯೋದ ಹೊರಗೇ ಇಟ್ಟಿದ್ದರು. ಇವತ್ತು ಪೇಟಿ ಇಲ್ಲದ ಭಜನೆ ತೋರಿಸಿ. ಆಡುವವರ ಕೈಯಲ್ಲಿ ತಿಕ್ಕಿ ತಿಕ್ಕಿ ಒಂದು ವಾದ್ಯ ಊರಿನದಾಗುತ್ತದೆ, ಅದಕ್ಕೆ ಬೇರೆ ಸರ್ಟಿಫಿಕೇಟ್ ಇಲ್ಲ.

ಇದಕ್ಕೆ ಉಲ್ಟಾ ಬೇಡಿಕೆ ಪ್ಯಾಟಿಯವರದು, ನನಗೆ ಹೆಚ್ಚು ತಲೆನೋವು ಅದರದೇ. "ಸ್ವಲ್ಪ ನಮ್ಮ ಟಚ್ ಕೊಡಿ. ಹಂಸಧ್ವನಿ ಹಾಕಿ, ಒಂದು ತಬಲಾ ಇಡಿ, ಯೂನಿಕ್ ಆಗುತ್ತೆ." ಅಂದರೆ ಸ್ವಂತ ದನಿ ಅಂಗಡಿಯಲ್ಲಿ ಸಿಗುವ ಮಸಾಲೆ ಪೊಟ್ಟಣ, ಮೇಲಿಂದ ಉದುರಿಸಿದರೆ ಆಯ್ತು. ಕರ್ನಾಟಕದವರೇ ಈ ಕೂಡಿಸುವ ಕೆಲಸವನ್ನು ನಿಜವಾಗಿ ಮಾಡಿದ್ದಾರೆ, ಅವರು ಮಾಡಿದ್ದು ಹೇಗೆ ಅಂತ ನೋಡಿ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರುಮಾಡಿದರು. ಅವರು, ಗಾಯಕಿ ಆರ್.ಎ. ರಮಾಮಣಿ ಮತ್ತು ಸಂಗಡಿಗರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಎಂಬ ರೆಕಾರ್ಡ್ ಮಾಡಿದರು, ಜರ್ಮನಿಯ ಇಸಿಎಂ ಕಂಪನಿಗೆ. ಮರಿಯಾನೊ ಸಾಮಾನ್ಯದವನಲ್ಲ, 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ದೊಡ್ಡ ರೆಕಾರ್ಡಿನಲ್ಲಿ ಬಾರಿಸಿದವನು. ಅಂಥವನು ಭಾರತಕ್ಕೆ ಬಂದು ನಾದಸ್ವರ ಕಲಿಯಲು ಕೂತಿದ್ದ. ಬೆಂಗಳೂರಿನವರ ಜೊತೆ ಅವನ ಒಡನಾಟ ಒಂದು ರೆಕಾರ್ಡಿಗೆ ಮುಗಿಯಲೂ ಇಲ್ಲ, ವರ್ಷಗಟ್ಟಲೆ ನಡೆಯಿತು.

ಇನ್ನೊಂದು ಉದಾಹರಣೆ ಗಿಟಾರಿಗೇ ಸಂಬಂಧಪಟ್ಟದ್ದು. ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದ ಕನ್ನಡದ ಮನೆಯ ಹುಡುಗ, ಸ್ಯಾಕ್ಸೊಫೋನ್ ವಾದಕ. ಮುಖ ನೋಡಿದವರೆಲ್ಲ ಇವನಿಗೆ ಭಾರತೀಯ ಸಂಗೀತ ಗೊತ್ತಿರಲೇಬೇಕು ಅಂದುಕೊಳ್ಳುತ್ತಿದ್ದರು, ಅವನು ಕಲಿತದ್ದು ಜಾಝ್. ಬರ್ಕ್ಲಿಯಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆ ಕೊಟ್ಟ ಒಂದು ರೆಕಾರ್ಡಿನಿಂದ ನಮ್ಮ ಕದ್ರಿ ಗೋಪಾಲನಾಥರ ಪರಿಚಯವಾಯಿತು. ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ವರ್ಷಾನುಗಟ್ಟಲೆ ಬೆವರು ಸುರಿಸಿದವರು. ಇಬ್ಬರೂ ಸೇರಿ ಮಾಡಿದ 'ಕಿನ್ಸ್‌ಮೆನ್' ಬಂದದ್ದು 2008ರಲ್ಲಿ. ಅದರಲ್ಲಿ ಗಿಟಾರ್ ರೆಜ್ ಅಬ್ಬಾಸಿಯದು, ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದವನು. ಅದೇ ವರ್ಷ ರುದ್ರೇಶ್, ಅಬ್ಬಾಸಿ ಮತ್ತು ಡ್ಯಾನ್ ವೈಸ್ ಮೂವರೇ ಸೇರ್ಕೊಂಡು ಇಂಡೋ-ಪಾಕ್ ಕೊಅಲಿಷನ್ ಹೆಸರಿನಲ್ಲಿ 'ಆಪ್ತಿ' ಎಂಬ ರೆಕಾರ್ಡ್ ಮಾಡಿದರು.

ಈ ಎರಡು ರೆಕಾರ್ಡುಗಳನ್ನು ಒಂದರ ಹಿಂದೆ ಒಂದು ಕೇಳಿ, ಗಿಟಾರನ್ನಷ್ಟೇ ಹಿಂಬಾಲಿಸಿ. 'ಕಿನ್ಸ್‌ಮೆನ್'ನಲ್ಲಿ ಬೇಸ್ ಇದೆ, ಪಿಟೀಲು ಇದೆ, ಮೃದಂಗವಿದೆ, ಡ್ರಮ್ಸಿದೆ, ಅಲ್ಲಿ ಅಬ್ಬಾಸಿ ಸಂದಿಯಲ್ಲಿ ನುಸುಳುತ್ತಾನೆ. 'ಆಪ್ತಿ'ಯಲ್ಲಿ ಬೇಸ್ ಇಲ್ಲ, ವೈಸ್ ತಬಲಾ ಹಿಡಿದು ಕೂತಿದ್ದಾನೆ. ಅಲ್ಲಿ ಗಿಟಾರೇ ನೆಲ, ಗಿಟಾರೇ ಗೋಡೆ. ಅದೇ ವರ್ಷ ಹೊರಬಂದವು, ಅದೇ ಮನುಷ್ಯ. 2017ರಲ್ಲಿ ಅದೇ ಮೂವರು 'ಅಗ್ರಿಮಾ' ಮಾಡಿದಾಗ ವೈಸ್ ತಬಲಾದ ಜೊತೆ ಡ್ರಮ್ಸನ್ನೂ ತಂದ, ಗಿಟಾರ್ ಮತ್ತೆ ಬದಲಾಯಿತು. ಹೆಸರಿನಲ್ಲಿ ಇಂಡಿಯಾ ಪಾಕಿಸ್ತಾನ ಇಟ್ಟಿದ್ದರಿಂದ ಅದು ಹುಟ್ಟಲಿಲ್ಲ, ಮೂರು ಜನ ಹತ್ತು ವರ್ಷ ಒಬ್ಬರನ್ನೊಬ್ಬರು ಬಿಡದೆ ಇದ್ದದ್ದರಿಂದ ಹುಟ್ಟಿತು.

ಮಸಾಲೆ ಇಲ್ಲದೆಯೂ ಆಗುತ್ತದೆ ಅನ್ನೋದಕ್ಕೆ ಕಾರ್ಲ್‌ಟನ್ ಕಿಟ್ಟೊ ಇದ್ದರು. 1942ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗಿಟಾರ್ ವಾದಕ, ಬಾಳಿದ್ದು ಕೋಲ್ಕತಾದಲ್ಲಿ. ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ರಾತ್ರಿ ರಾತ್ರಿ ಜಾಝ್ ನಡೆಯುತ್ತಿದ್ದ ಕಾಲದವರು, ಆ ಕಾಲ ಮುಗಿದು ಎಲ್ಲರೂ ಸಿನಿಮಾ ಹಾಡಿಗೂ ಪಾಪಿಗೂ ಹೊರಳಿದ ಮೇಲೂ ಬೀಬಾಪ್ ಬಿಡಲಿಲ್ಲ. ಬಾರಿಸಿದರು, ಕಲಿಸಿದರು, 2016ರಲ್ಲಿ ತೀರಿಕೊಂಡರು. ಅವರ ಬಗ್ಗೆ 'ಫೈಂಡಿಂಗ್ ಕಾರ್ಲ್‌ಟನ್' ಎಂಬ ಸಾಕ್ಷ್ಯಚಿತ್ರವಿದೆ, ಸುಶೀಲ್ ಕುರಿಯನ್ ಮಾಡಿದ್ದು. ಒಂದು ಶನಿವಾರ ಬಿಡುವು ಮಾಡಿಕೊಂಡು ನೋಡಿ. ನನ್ನನ್ನು ಕಾಡುವುದು ಅವರ ಛಲಕ್ಕಿಂತ, ಆ ಪಾರ್ಕ್ ಸ್ಟ್ರೀಟಿನ ಕೆಲಸದ ರೀತಿ. ಹೋಟೆಲಿನವರು ಬ್ಯಾಂಡ್ ಇಟ್ಟುಕೊಳ್ಳುತ್ತಿದ್ದರು, ಒಬ್ಬನನ್ನಲ್ಲ. ಅದೇ ಜನ, ಅದೇ ಮೂಲೆ, ದಿನಾ ರಾತ್ರಿ. ಇವತ್ತು ಯಾವ ಊರಿನ ಯಾವ ಹುಡುಗನಿಗೆ ಅದು ಸಿಗುತ್ತದೆ?

ನೀವು ಓದುತ್ತಿರುವವರು ಹೆಚ್ಚಾಗಿ ನನ್ನಂಥವರೇ. ತಿಂಗಳ ಕೊನೆಗೆ ಸಂಬಳ ಬರುತ್ತದೆ, ವಾರದ ಕೊನೆಗೆ ಎಲ್ಲಿಗಾದರೂ ಹೋಗಿ ಕೂರುತ್ತೇವೆ, ಎದುರಿಗೆ ಒಬ್ಬ ಬಡಪಾಯಿ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟುಕೊಂಡು ಬಾರಿಸುತ್ತಿರುತ್ತಾನೆ. ಬಿಲ್ಲಿನ ಬಗ್ಗೆ ಮ್ಯಾನೇಜರ್ ಜೊತೆ ಹತ್ತು ನಿಮಿಷ ಮಾತಾಡುವ ನಾವು, "ಬೇಸ್ ಬಾರಿಸೋರು ಯಾಕಿಲ್ಲ?" ಅಂತ ಒಂದು ಸಲವೂ ಕೇಳಿಲ್ಲ. ಆಫೀಸಿನಲ್ಲಿ ಟೀಮ್ ವರ್ಕ್ ಅಂತ ವರ್ಷಕ್ಕೆ ಎರಡು ಸಲ ರೆಸಾರ್ಟಿಗೆ ಕರೆದುಕೊಂಡು ಹೋಗಿ ಹಗ್ಗ ಎಳೆಸುತ್ತಾರೆ. ರಾತ್ರಿ ಅದೇ ಹುಲ್ಲಿನ ಮೇಲೆ ಒಬ್ಬನೇ ಕೂತು ಟ್ರ್ಯಾಕ್ ಜೊತೆ ಬಾರಿಸುತ್ತಾನೆ, ಯಾರಿಗೂ ನಗು ಬರುವುದಿಲ್ಲ.

"ಬಜೆಟ್ ಇಲ್ಲ" ಅನ್ನೋದು ಕೊನೆಯ ಉತ್ತರ. ಎಲ್‌ಇಡಿ ಗೋಡೆಗೆ ಇದೆ, ಹೊಗೆ ಬಿಡುವ ಮಷೀನಿಗೆ ಇದೆ, ಬಂದವರ ಹೆಸರು ಬರೆದ ಕಾಫಿ ಮಗ್ಗಿಗೆ ಇದೆ. ಕಾಕಾ ಒಂದು ಮದುವೆ ಬಿಟ್ಟು ನಮ್ಮ ಜೊತೆ ಬಂದರೆ ಅವರಿಗೆ ಆ ದಿನದ ದುಡಿಮೆ ಹೋಗುತ್ತದೆ. ಅದನ್ನು ತುಂಬಿಕೊಡುವಷ್ಟು ಸಿಕ್ಕರೆ ಸಾಕು ಅಂತಾರೆ ಅವರು. ನನಗಂತೂ ಏನೂ ಬೇಡ, ಪೆಟ್ರೋಲ್ ನನ್ನದೇ.

ಗಿಟಾರಿನವನಿಗೆ ಒಂದು ರೆಸಾರ್ಟಿನಿಂದ ಆರು ತಿಂಗಳ ಕೆಲಸ ಬಂದಿದೆ. ಅಕ್ಟೋಬರಿನಿಂದ ಶುರು, ವಾರಕ್ಕೆ ಐದು ರಾತ್ರಿ, ಊಟ ವಸತಿ ಅವರದೇ, ಒಬ್ಬನೇ. ಟ್ಯೂಶನ್ನಿಗಿಂತ ಮೂರು ಪಟ್ಟು ದುಡ್ಡು. ಹೋಗಬೇಡ ಅನ್ನೋ ಹಕ್ಕು ನನಗಿಲ್ಲ, ಅವನ ತಂಗಿಯ ಕಾಲೇಜ್ ಫೀ ನಾನು ಕಟ್ಟುವುದಿಲ್ಲವಲ್ಲ. ಅವನು ಇನ್ನೂ ಹೂಂ ಅಂದಿಲ್ಲ. ಕಾಕಾ ಮಾತ್ರ ಅವನಿಗೆ ಕೇಳಿದರು: "ಅಲ್ಲಿ ಉಸಿರು ಯಾರ್ದು ಕೇಳ್ತಿ?"

ಡಿಸೆಂಬರಿನಲ್ಲಿ ನಿಮ್ಮ ಆಫೀಸಿನ ವಾರ್ಷಿಕ ಕಾರ್ಯಕ್ರಮ ಇರುತ್ತದೆ. ಆಗ ಫೋನ್ ಮಾಡಿದರೆ ಲೆಕ್ಕ ಈಗಲೇ ಹೇಳಿಡುತ್ತೇನೆ. ನಾಲ್ಕು ಜನ, ಎರಡು ಗಂಟೆ, ಎಲ್ಲಾ ಸೇರಿ 20,000 ರೂಪಾಯಿ. ಬೆಳಗಾವಿ ಒಳಗಾದರೆ ಗಾಡಿ ಖರ್ಚಿಲ್ಲ. ಎರಡು ಪ್ಲಗ್ ಪಾಯಿಂಟು, ನಾಲ್ಕು ಕುರ್ಚಿ, ಡ್ರಮ್ಸಿನ ಕೆಳಗೆ ಹಾಸಲು ಒಂದು ಜಮಖಾನೆ. ಕಾಕಾನ ಕುರ್ಚಿಗೆ ಕೈ ಇರಬಾರದು, ಮೊಣಕೈ ತಗಲುತ್ತದೆ.